ಕಾಣದ ಸಿಮ್ಮಿನ ಕಾಟ

ನಮ್ಮ ಡೊಂಬಿವಲಿ ಸೊಸೈಟಿಯ ಉಡುಪಿ ಕಡೆಯ ಅಜ್ಜನಿಗೆ ಮೊಮ್ಮಗ ಇ-ಸಿಮ್ ಹಾಕಿಸಲು ಹೊರಟ. "ಕಣ್ಣಿಗೆ ಕಾಣದ್ದನ್ನು ನಂಬುವುದು ಹೇಗೆ ಮಾರಾಯ?" ಎಂದರು ಅಜ್ಜ. ದಿನಾ ಅರ್ಧ ಗಂಟೆ ದೇವರ ಕೋಣೆಯಲ್ಲಿ ಕೂರುವವರು ಕೇಳುವ ಪ್ರಶ್ನೆಯೇ ಇದು!

1991ರಲ್ಲಿ ಜರ್ಮನಿಯ ಕಂಪನಿಯೊಂದು ಮೊದಲ ಸಿಮ್ ಮಾಡಿದಾಗ ಅದು ಎಟಿಎಂ ಕಾರ್ಡಿನಷ್ಟು ದೊಡ್ಡದಿತ್ತು. ಆಮೇಲೆ ಠಾಣೆಯ ಫ್ಲ್ಯಾಟುಗಳ ಹಾಗೆ ಕುಗ್ಗುತ್ತಾ ಕುಗ್ಗುತ್ತಾ ಮಿನಿ, ಮೈಕ್ರೋ, ನ್ಯಾನೋ ಆಗಿ, ಈಗ ಇ-ಸಿಮ್ ಆಗಿ ಫೋನಿನೊಳಗೇ ಪೂರ್ತಿ ಮಾಯ.

ಮೊಮ್ಮಗ *#06# ಒತ್ತಿ ಇ-ಸಿಮ್ಮಿನ 32 ಅಂಕಿಯ ಗುರುತು ಸಂಖ್ಯೆ, ಅಂದರೆ ಇಐಡಿ, ತೆಗೆದ. ಅಜ್ಜ ಕನ್ನಡಕ ಏರಿಸಿ ಒಂದೊಂದೇ ಅಂಕಿ ಓದುವಾಗ ಹನ್ನೆರಡನೆಯದರ ಹೊತ್ತಿಗೆ ಅಜ್ಜಿ "ಕಾಫಿಗೆ ಸಕ್ಕರೆ ಎಷ್ಟು?" ಎಂದರು. ಮತ್ತೆ ಮೊದಲಿನಿಂದ.

ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬಂದ್. ಮೋಸ ತಡೆಯಲು ಮಾಡಿದ ನಿಯಮ. ಒಟಿಪಿಯೇ ಇಲ್ಲದ ಆ ಒಂದು ದಿನ ಅಜ್ಜ ಬ್ಯಾಂಕು, ಗ್ಯಾಸು ಯಾವುದನ್ನೂ ಮುಟ್ಟದೆ ಮೌನವ್ರತ ಮಾಡಿದರು. ಅಜ್ಜಿಗೆ ಮಾತ್ರ ಪರಮಾನಂದ.

ಒಂದು ಲಾಭ ಒಪ್ಪಲೇಬೇಕು: ಕಲ್ಯಾಣ್ ಲೋಕಲಿನ ಬಾಗಿಲಲ್ಲಿ ಫೋನ್ ಎಗರಿಸಿದವನು ಪಿನ್ನು ಚುಚ್ಚಿ ಸಿಮ್ ಕಿತ್ತೆಸೆಯಲಾರ. ಆದರೆ ಫೋನ್ ಕೆಟ್ಟರೆ ನಾವೂ ಕಿತ್ತು ಇನ್ನೊಂದಕ್ಕೆ ಹಾಕಲಾರೆವು. ಇದು ಗೊತ್ತಾದದ್ದೇ ತಡ, ಅಜ್ಜ ವಾಶಿಯ ಮಗಳಿಗೆ ಫೋನ್ ಮಾಡಿ, "ಅಳಿಯಂದಿರ ಹಳೇ ಫೋನು ಯಾವಾಗ ಕೆಡುತ್ತದೋ, ಅದು ನನಗೆ ಬೇಡ, ಹೊಸದೇ ಕೊಡಿಸಲಿ" ಎಂದರಂತೆ.