ಸದ್ದಿಲ್ಲದ ಟೈಮರ್ ಬೇಕಾಗಿದೆ

ಮಗಳ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೊರಟಿರುವ ನಿವೃತ್ತ ದಂಪತಿಯನ್ನು ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಗುರುತಿಸಬಹುದು. ಮನೆಯಾಕೆ ಚಟ್ನಿಪುಡಿ, ಹುಳಿಪುಡಿ, ಮೆಂತ್ಯದ ಹಿಟ್ಟನ್ನು ತೂಗಿ ತೂಗಿ ಸೂಟ್‌ಕೇಸಿಗೆ ತುಂಬುತ್ತಿರುತ್ತಾರೆ. ಯಜಮಾನರಿಗೆ ಮಾತ್ರ ಒಂದೇ ಚಿಂತೆ: ಮನೆಗೆ ಬೀಗ ಬಿದ್ದಿರುವುದು ಯಾರಿಗೂ ಗೊತ್ತಾಗಬಾರದು. ಸಂಜೆಯಾದರೆ ದೀಪ ಹತ್ತಬೇಕು, ಮಲಗುವ ಹೊತ್ತಿಗೆ ಆರಬೇಕು, ಎರಡೂ ತಾನೇ ತಾನಾಗಿ ಆಗಬೇಕು.

ಈ ಚಿಂತೆ ನೆತ್ತಿಗೇರಿದವರನ್ನು ರಾಯರು ಎನ್ನೋಣ. ಹೆಸರೇನಾದರೂ ಇರಲಿ, ಮಲ್ಲೇಶ್ವರದಲ್ಲಿ ಕ್ರಾಸಿಗೊಬ್ಬರಂತೆ, ಮೈಸೂರಿನ ಕುವೆಂಪುನಗರದಲ್ಲಿ ಬೀದಿಗಿಬ್ಬರಂತೆ ಇದ್ದಾರೆ. ನಮ್ಮ ರಾಯರು ಮತ್ತಿಕೆರೆಯವರು. ಅವರ ಬೇಡಿಕೆಯಲ್ಲಿ ಒಂದು ಹೆಚ್ಚಿನ ಷರತ್ತೂ ಉಂಟು. ಟೈಮರ್ ಸದ್ದು ಮಾಡಕೂಡದು.

ಇದಕ್ಕೆ ಕಾರಣ ಅವರ ಸರ್ವೀಸು. ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ 1961ರಲ್ಲಿ ಶುರುವಾದ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಅವರು ತಲೆ ನೆರೆಯುವವರೆಗೆ ದುಡಿದರು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ರಾಯರ ಕಿವಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಎಚ್‌ಎಂಟಿ ಜನತಾ ವಾಚು ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ಮದುವೆಮನೆಯಲ್ಲಿ ಪಕ್ಕ ಕೂತವರ ಮುಂಗೈಯತ್ತ ಬಾಗಿ, "ನಿಮ್ಮದು ಸ್ವಲ್ಪ ಫಾಸ್ಟ್ ಇದೆ, ಒಮ್ಮೆ ತೋರಿಸಿ" ಎನ್ನಬಲ್ಲವರು ಅವರು. ಬಾಳೆಲೆಯಲ್ಲಿ ಪಾಯಸ ಬಡಿಸಿರುವಾಗಲೂ.

ಮೊದಲು ಬಂದದ್ದು ಪ್ಲಗ್ಗಿಗೆ ಚುಚ್ಚುವ ಬಿಳಿ ಡಬ್ಬಿ. ಮುಖದ ಸುತ್ತ 96 ಹಲ್ಲುಗಳು, ಹಲ್ಲೊಂದಕ್ಕೆ 15 ನಿಮಿಷ. ದೀಪ ಉರಿಯಬೇಕಾದ ಹೊತ್ತಿನ ಹಲ್ಲುಗಳನ್ನು ಉಗುರಿನಿಂದ ಒತ್ತಿ ಇಳಿಸಬೇಕು. ತಂದ ಮೇಲೆ ತಿಳಿದದ್ದು, ಚುಚ್ಚಲು ದೀಪವೇ ಇಲ್ಲ! ನಮ್ಮ ಮನೆಗಳಲ್ಲಿ ಟ್ಯೂಬ್‌ಲೈಟು ಗೋಡೆಯ ಮೇಲೆ, ಸ್ವಿಚ್ಚು ಬೋರ್ಡಿನಲ್ಲಿ, ವೈರು ಗೋಡೆಯೊಳಗೆ. ಪ್ಲಗ್ಗಿರುವ ಮೇಜುದೀಪ ಇಟ್ಟುಕೊಳ್ಳುವವರು ಎಷ್ಟು ಜನ? ರಾಯರು ಟೈಮರ್‌ಗೋಸ್ಕರ ಒಂದು ಟೇಬಲ್ ಲ್ಯಾಂಪ್, ಟೇಬಲ್ ಲ್ಯಾಂಪಿಗೋಸ್ಕರ ಒಂದು ಟೀಪಾಯಿ ಕೊಂಡರು.

ರಾತ್ರಿ ಹತ್ತೂವರೆಗೆ ದೀಪ ಆರಿತು. ಆಗ ಶುರುವಾಯಿತು, ಗುಂಯ್...

ಆ ಡಬ್ಬಿಯೊಳಗೆ ಒಂದು ಪುಟ್ಟ ಸಿಂಕ್ರೋನಸ್ ಮೋಟಾರು, ಅದರ ಮುಂದೆ ಹಲ್ಲುಚಕ್ರಗಳ ಸಾಲು. ದೀಪ ಆರಿದರೂ ಮೋಟಾರಿಗೆ ಬಿಡುವಿಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ ಸುತ್ತುತ್ತದೆ. ಆವರ್ತವೊಂದರಲ್ಲಿ ಕಾಂತದ ಸೆಳೆತ ಎರಡು ಸಲ ಬಿಗಿಯಾಗುವುದರಿಂದ ಗುಂಯ್ ಎನ್ನುವುದು 100 ಹರ್ಟ್ಸ್‌ನಲ್ಲಿ. ಬರಿಯ ಕೈಯಲ್ಲಿ ಹಿಡಿದರೆ ಅಷ್ಟೇನೂ ಕೇಳಿಸದು. ಆದರೆ ರಾಯರ ಮನೆಯದು ಹಳೆಯ ಕಾಲದ ಮರದ ಬೋರ್ಡು, ಹಿಂದೆ ಟೊಳ್ಳು. ಅದು ವೀಣೆಯ ಬುರುಡೆಯ ಕೆಲಸ ಮಾಡಿತು. ಮೊಬೈಲಿನ ಡೆಸಿಬೆಲ್ ಆ್ಯಪ್ ಹಿಡಿದು ರಾಯರು ಮಂಚದ ಮೇಲೆ ಎದ್ದು ಕೂತರು. ಮಲಗುವ ಕೋಣೆಯಲ್ಲಿ 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ ಎಂದು ಹೆಂಡತಿಯನ್ನು ಎಬ್ಬಿಸಿ ತಿಳಿಸಿದರು. ಅದೇ ಆ್ಯಪಿನಲ್ಲಿ ರಾಯರ ಗೊರಕೆ ಅಳೆಯಬೇಕೆಂದು ಆಕೆಗೆ ಬಹಳ ದಿನದ ಆಸೆ, ಹೇಳಿಲ್ಲ, ಅಷ್ಟೆ.

"ಅಲ್ಲಾ ರೀ, ಟೈಮರ್ ಬೇಕಿರೋದು ನಾವು ಊರಲ್ಲಿ ಇಲ್ಲದಾಗ. ಸದ್ದಾದ್ರೆ ಯಾರಿಗ್ರೀ ಕೇಳ್ಸುತ್ತೆ?"

"ಕಳ್ಳನಿಗೆ ಕೇಳ್ಸುತ್ತಲ್ಲೇ! ಓಹೋ, ಇದು ಟೈಮರ್ ಆಟ ಅಂತ ಗೊತ್ತಾಗಲ್ವಾ?"

"ಗೊತ್ತಾಗೋಷ್ಟು ಒಳಗೆ ಬಂದಾದ್ಮೇಲೆ ಗೊತ್ತಾದ್ರೆಷ್ಟು, ಬಿಟ್ರೆಷ್ಟು?"

ರಾಯರು ದಿಂಬು ತಿರುಗಿಸಿ ಮಲಗಿದರು.

ಆ ಡಬ್ಬಿಯ ಕಥೆ ಮುಗಿದದ್ದು ಸದ್ದಿನಿಂದಲ್ಲ, ಬೆಸ್ಕಾಂನಿಂದ. ಬುಧವಾರ ಎರಡು ಗಂಟೆ ಕರೆಂಟ್ ಹೋಯಿತು, ಮೋಟಾರೂ ನಿಂತಿತು. ಆರೂವರೆಗೆ ಹತ್ತಬೇಕಾದ ದೀಪ ಎಂಟೂವರೆಗೆ ಹತ್ತಿತು. ಆರು ತಿಂಗಳಲ್ಲಿ ಮತ್ತಿಕೆರೆಯ ಕರೆಂಟ್ ಎಷ್ಟು ಸಲ ಹೋಗಬಹುದೆಂದು ಲೆಕ್ಕ ಹಾಕಿದ ರಾಯರಿಗೆ, ಮನೆಯೊಳಗೆ ನಡುಮಧ್ಯಾಹ್ನ ದೀಪ ಉರಿಯುತ್ತಿರುವ ದೃಶ್ಯ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಅಳಿಯಂದಿರು ನ್ಯೂಜೆರ್ಸಿಯಿಂದ ಯಾರದೋ ಕೈಯಲ್ಲಿ ಒಂದು ಟೈಮರ್ ಕಳಿಸಿದರು, ಸದ್ದೇ ಇಲ್ಲವಂತೆ. ಅದು 120 ವೋಲ್ಟಿನದು. ನೇರ ಚುಚ್ಚಿದರೆ ಸುಟ್ಟೇ ಹೋಗುವುದು. ರಾಯರು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದರು. ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಇಳಿಸುತ್ತದೆ, ಫ್ರೀಕ್ವೆನ್ಸಿ ಬದಲಿಸುವುದಿಲ್ಲ. 60 ಹರ್ಟ್ಸ್ ನಂಬಿ ಹುಟ್ಟಿದ ಮೋಟಾರು ನಮ್ಮ 50ರಲ್ಲಿ ತೆವಳಿತು. ಅದರ ಒಂದು ದಿನಕ್ಕೆ 28 ಗಂಟೆ 48 ನಿಮಿಷ ಹಿಡಿಯಿತು. ಇವತ್ತು ಸಂಜೆ ಹತ್ತಿದ ದೀಪ ನಾಳೆ ನಡುರಾತ್ರಿಯ ಹತ್ತಿರ, ಅದರ ಮರುದಿನ ಇನ್ನೂ ತಡವಾಗಿ. ಆರು ದಿನಕ್ಕೊಮ್ಮೆ ಮಾತ್ರ ಕರಾರುವಾಕ್ಕು ಆರೂವರೆ. ಜೊತೆಗೆ ಟ್ರಾನ್ಸ್‌ಫಾರ್ಮರ್ ತಾನೇ ಗುಂಯ್‌ಗುಟ್ಟತೊಡಗಿತು. ಅಳಿಯನ ಉಡುಗೊರೆಗೆ ಹೆಸರಿಡಬಾರದೆಂದು ರಾಯರು ಅದನ್ನು ಅಟ್ಟಕ್ಕೆ ಏರಿಸಿದರು.

ಕೊನೆಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ. ಎಲೆಕ್ಟ್ರಿಕಲ್ ಸಾಮಾನಿಗೆ ಅದಕ್ಕಿಂತ ದೊಡ್ಡ ಕ್ಷೇತ್ರವಿಲ್ಲ.

"ಟೈಮರ್ ಗೀಸರ್‌ಗಾ ಸಾರ್?"

"ಅಲ್ಲಪ್ಪಾ, ಲೈಟಿಗೆ."

"ಹೊರಗಡೆ ಲೈಟಿಗಾ, ಬೋರ್ಡ್ ಲೈಟಿಗಾ?"

"ಮನೆ ಒಳಗಡೆ ಲೈಟಿಗೆ. ಸದ್ದು ಮಾಡಬಾರದು. ಸ್ವಲ್ಪ ಫ್ಯಾನ್ ಆಫ್ ಮಾಡ್ತೀಯಾ, ಕೇಳಿ ನೋಡ್ತೀನಿ."

ಹುಡುಗ ಫ್ಯಾನ್ ಆರಿಸಿದ. ಹೊರಗೆ ಆಟೋ ಹಾರ್ನು, ಕೈಗಾಡಿಯವರ ಕೂಗು, ಪೈಪು ಇಳಿಸುವ ಧಡಧಡ. ನಡುವೆ ರಾಯರು ಕಣ್ಣು ಮುಚ್ಚಿ, ಟೈಮರನ್ನು ಎಡಗಿವಿಗೆ, ಬಳಿಕ ಬಲಗಿವಿಗೆ ಒತ್ತಿ ನಿಂತರು. ಹಿಂದೆ ಕಾಯುತ್ತಿದ್ದ ಮೇಸ್ತ್ರಿ "ಫೋನಲ್ಲಿದಾರೆ ಅನ್ಸುತ್ತೆ" ಎಂದು ಮರ್ಯಾದೆಯಿಂದ ಕಾದ.

ಹುಡುಗ ಜಾಣ. ಮೋಟಾರಿಲ್ಲದ ಡಿಜಿಟಲ್ ತೆಗೆದುಕೊಳ್ಳಿ ಎಂದ. ಗಡಿಯಾರ ಕ್ವಾರ್ಟ್ಜ್‌ನದು, ಕರೆಂಟ್ ಹೋದರೂ ಒಳಗಿನ ಪುಟ್ಟ ಬ್ಯಾಟರಿ ಹೊತ್ತು ಕಾಯುತ್ತದೆ. ರಿಲೇ ಹಾಕುವಾಗೊಮ್ಮೆ ಆರಿಸುವಾಗೊಮ್ಮೆ ಟಕ್ ಎನ್ನುತ್ತದೆ, ಉಳಿದಂತೆ ಮೌನ. ಆ ಎರಡು ಟಕ್ಕೂ ಬೇಡವೆಂದರೆ ರಿಲೇ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್ಚಿನದೂ ಇದೆ. ರಾಯರು ಆಸೆಗೆ ಬಿದ್ದು ಅದನ್ನೇ ತಂದರು. ನ್ಯೂಟ್ರಲ್ ಕೇಳದ ಎರಡು ವೈರಿನ ಮಾಡೆಲ್ಲು ಅದು. ತನ್ನ ಹೊಟ್ಟೆಗೆ ಬೇಕಾದ ಚೂರು ಕರೆಂಟನ್ನು ಬಲ್ಬಿನ ಮೂಲಕವೇ ಎಳೆದುಕೊಳ್ಳುತ್ತದೆ. ಹಳೆಯ ಬುರುಡೆ ಬಲ್ಬಾಗಿದ್ದರೆ ತಿಳಿಯುತ್ತಲೇ ಇರಲಿಲ್ಲ. 9 ವಾಟಿನ ಎಲ್‌ಇಡಿ ಆರಿದ ಮೇಲೂ ಮಿಣಿಮಿಣಿ ಎನ್ನುತ್ತಿತ್ತು. ಮಾರನೆಯ ದಿನ ವಾಪಸ್ಸು, ರಿಲೇಯದೇ ಗಟ್ಟಿ ಎಂದಾಯಿತು. ಪ್ಲಗ್ ಪಾಯಿಂಟ್ ಇರುವ ಬೋರ್ಡಿನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ ಎಂಬುದು ಎಲೆಕ್ಟ್ರಿಷಿಯನ್ ಬಂದು ಐನೂರು ರೂಪಾಯಿ ತೆಗೆದುಕೊಂಡ ಮೇಲೆ ದೊರೆತ ಜ್ಞಾನ.

ಸೂರ್ಯಾಸ್ತವನ್ನು ತಾನೇ ಲೆಕ್ಕ ಹಾಕಿ ದಿನದಿನವೂ ಹೊತ್ತು ಸರಿಸುವ ಟೈಮರನ್ನೂ ಹುಡುಗ ತೋರಿಸಿದ್ದ. ಲಂಡನ್ನಿನಲ್ಲಿ ಅದು ಬೇಕು. ಅಲ್ಲಿ ಡಿಸೆಂಬರಿನ ಸೂರ್ಯ ನಾಲ್ಕಕ್ಕೂ ಮೊದಲೇ ಮುಳುಗಿದರೆ ಜೂನಿನವನು ಒಂಬತ್ತರ ಮೇಲೂ ಇರುತ್ತಾನೆ. ಬೆಂಗಳೂರಿನ ಸೂರ್ಯ ಸರ್ಕಾರಿ ನೌಕರ, ನವೆಂಬರಿನ ಐದು ಐವತ್ತಕ್ಕೂ ಜುಲೈನ ಆರು ಐವತ್ತಕ್ಕೂ ನಡುವೆ ಪಂಚ್ ಮಾಡಿ ಹೊರಡುವವನು. ಆ ಒಂದು ಗಂಟೆಗೆ ಅಷ್ಟು ದುಡ್ಡೇಕೆ ಎಂದು ರಾಯರು ಬಿಟ್ಟರು. ಅವರ ಇಡೀ ಸಾಹಸದಲ್ಲಿ ವಿವೇಕದ ನಿರ್ಧಾರ ಇದೊಂದೇ ಇರಬೇಕು.

ಏಕೆಂದರೆ ಹೊರಡುವ ಹೊತ್ತಿಗೆ ಹಾಲಿನವನಿಗೆ, ಪೇಪರಿನವನಿಗೆ, ಸೊಪ್ಪಿನವಳಿಗೆ, ಇಸ್ತ್ರಿಯವನಿಗೆ, ಪಾರ್ಕಿನ ವಾಕಿಂಗ್ ಬಳಗಕ್ಕೆಲ್ಲ ಹೊರಡುವ ತಾರೀಖು, ಫ್ಲೈಟು ನಂಬರಿನ ಸಮೇತ ಗೊತ್ತಿತ್ತು. ರಾಯರೇ ಹೇಳಿದ್ದು. ಬಾಗಿಲಲ್ಲಿ ನೀರು ಬಿದ್ದಿಲ್ಲ, ರಂಗೋಲಿಯಿಲ್ಲ, ಆದರೆ ದಿನಾ ಆರೂವರೆಗೆ ಹಾಲಿನಲ್ಲಿ ದೀಪ! ಮನೆಗೆಲಸದವಳಿಗೆ ರಂಗೋಲಿಗೂ ದೀಪಕ್ಕೂ ಸೇರಿ ಹೇಳಿಹೋಗೋಣ ಎಂದು ಪತ್ನಿ ಸೂಚಿಸಿದ್ದುಂಟು. "ಅವಳಿಗೆ ರಜ ಬೇಡ್ವಾ?" ಎಂದು ರಾಯರು ತಳ್ಳಿಹಾಕಿದ್ದರು.

ಮಲಗುವ ಕೋಣೆಯ ದೀಪವನ್ನು ಅಳಿಯಂದಿರು ವೈಫೈ ಪ್ಲಗ್ಗಿನಿಂದ ಅಲ್ಲಿಂದಲೇ ನೋಡಿಕೊಳ್ಳುತ್ತೇನೆಂದರು. ಸಂಜೆ ಆರೂವರೆ ಎಂದು ತಮ್ಮ ಫೋನಿನಲ್ಲಿ ಒತ್ತಿದರು. ಪ್ಲಗ್ಗು ಅದನ್ನು ನ್ಯೂಜೆರ್ಸಿಯ ಆರೂವರೆ ಎಂದುಕೊಂಡಿತು. ಚಳಿಗಾಲದಲ್ಲಿ ನಾವು ಅವರಿಗಿಂತ ಹತ್ತೂವರೆ ಗಂಟೆ ಮುಂದೆ. ಮತ್ತಿಕೆರೆಯಲ್ಲಿ ಬೆಳಗಿನ ಜಾವ ಐದಕ್ಕೆ ದೀಪ ಹತ್ತಿತು, ಒಂಬತ್ತಕ್ಕೆ ಆರಿತು. ಆಗ ಧನುರ್ಮಾಸ. ಎದುರುಮನೆಯಾಕೆ ವಾಟ್ಸ್ಯಾಪಿನಲ್ಲಿ ಕೇಳಿದರಂತೆ: "ಯಾವಾಗ ಬಂದ್ರಿ? ಹುಗ್ಗಿ ನೈವೇದ್ಯ ಆಯ್ತಾ?"

ಮಗಳಿರುವ ಊರಿನ ಹೆಸರು ಎಡಿಸನ್. 1879ರಲ್ಲಿ ವಿದ್ಯುದ್ದೀಪ ಬೆಳಗಿಸಿದವರ ಮೆನ್ಲೋ ಪಾರ್ಕ್ ಪ್ರಯೋಗಶಾಲೆ ಇದ್ದದ್ದು ಅಲ್ಲೇ. ಜೆಟ್‌ಲ್ಯಾಗಿನ ಮೊದಲ ರಾತ್ರಿ ಎರಡು ಗಂಟೆಗೆ ಎದ್ದ ರಾಯರು ಹಜಾರದ ಗೋಡೆಯ ಟೈಮರಿಗೆ ಕಿವಿ ಹಚ್ಚಿದರು. 60 ಹರ್ಟ್ಸಿನ ದೇಶ, ಆದ್ದರಿಂದ ಇಲ್ಲಿ ಗುಂಯ್ ಎನ್ನುವುದು 120ರಲ್ಲಿ. ನೂರಕ್ಕೆ ನೂರಿಪ್ಪತ್ತು, ಐದಕ್ಕೆ ಆರು. ರಾಮೋತ್ಸವದ ಕಛೇರಿಗಳನ್ನು ಕೇಳಿ ಬೆಳೆದ ತಲೆಯಲ್ಲಿ ಲೆಕ್ಕ ತಟ್ಟನೆ ಕೂಡಿತು.

"ಏನೇ, ಎದ್ದಿದ್ದೀಯಾ? ನಮ್ಮೂರ ಕರೆಂಟು ಷಡ್ಜ ಆದ್ರೆ ಇವರದ್ದು ಸಾಧಾರಣ ಗಾಂಧಾರ ಕಣೇ!"

"ಅಳಿಯಂದ್ರು ಮಲಗಿದಾರೆ," ಎಂದರು ಆಕೆ ರಜಾಯಿಯೊಳಗಿಂದ. "ಆಲಾಪನೆ ಬೆಳಿಗ್ಗೆ ಮಾಡಿ."