ನಾನು ಕೆಟ್ಟಿಲ್ಲ ಸಾರ್, ಕೆಡೋಕೆ ಅವಕಾಶವೇ ಸಿಕ್ಕಿಲ್ಲ

ಒಂದು ತಾಲ್ಲೂಕು ಆಸ್ಪತ್ರೆಯ ಉಗ್ರಾಣ. ಪಲ್ಸ್ ಪೋಲಿಯೊ ಬ್ಯಾನರುಗಳ ಕಟ್ಟು, ಗಾಲಿ ಕಳಚಿದ ಸ್ಟ್ರೆಚರ್, ಸತ್ತ ಇನ್ವರ್ಟರ್ ಬ್ಯಾಟರಿಗಳು. ಇವುಗಳ ಮಧ್ಯೆ, ಮೈಮೇಲಿನ ಪ್ಲಾಸ್ಟಿಕ್ ಇನ್ನೂ ಬಿಚ್ಚದ ವೆಂಟಿಲೇಟರ್ ಮಹಾಶಯರು ಮಾತಿಗೆ ಸಿಕ್ಕರು. ಕಂಪನಿ ಹೆಸರು ಬರೆಯಬಾರದು ಎಂಬುದೊಂದೇ ಅವರ ಷರತ್ತು. ಸ್ಟೋರ್‌ಕೀಪರ್ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

ಪ್ರಶ್ನೆ: ಇಲ್ಲಿಗೆ ಯಾವಾಗ ಬಂದಿರಿ?

ವೆಂಟಿಲೇಟರ್: ಕೊರೊನಾ ಕಾಲದಲ್ಲಿ. 2020ರ ಮೇ 13ರಂದು ಪಿಎಂ ಕೇರ್ಸ್ ನಿಧಿಯಿಂದ 2,000 ಕೋಟಿ ರೂಪಾಯಿಗೆ 50,000 ವೆಂಟಿಲೇಟರ್ ಅಂತ ಘೋಷಣೆ ಆಯ್ತಲ್ಲ, ಆ ಗಲಾಟೆಯಲ್ಲಿ ಹುಟ್ಟಿದವನು ನಾನು. ಬೆಂಗಳೂರಿನ ಬಿಇಎಲ್ ಒಂದೇ 30,000 ಮಾಡಿಕೊಟ್ಟಿತು. ವಿನ್ಯಾಸ ಮೈಸೂರಿನ ಒಂದು ಕಂಪನಿಯದು. ರೇಡಾರ್ ಮಾಡೋ ಬಿಇಎಲ್ ಜನ ಕೆಲವೇ ತಿಂಗಳಲ್ಲಿ ಉಸಿರಾಟದ ಯಂತ್ರ ಮಾಡಿದರು. ಅದು ಸಣ್ಣ ಮಾತಲ್ಲ, ದಪ್ಪ ಅಕ್ಷರದಲ್ಲಿ ಹಾಕಿ. ನಾನೂ ಅವರವನೇನಾ ಅಂತ ಮಾತ್ರ ಕೇಳಬೇಡಿ.

ಪ್ರಶ್ನೆ: ಸ್ವಾಗತ ಹೇಗಿತ್ತು?

ವೆಂಟಿಲೇಟರ್: ಹಾರ, ಫೋಟೊ, ಅರಿಶಿನ ಕುಂಕುಮ ಎಲ್ಲ ಆಯ್ತು. ಇಲ್ಲಿ ನೋಡಿ, ಪ್ಲಾಸ್ಟಿಕ್ ಮೇಲೆ ಕುಂಕುಮ ಪದರಗಟ್ಟಿದೆ. ಪ್ರತಿ ಆಯುಧಪೂಜೆಗೂ ತಪ್ಪದೆ ಹಚ್ಚುತ್ತಾರೆ. ನನಗೆ ನಡೆಯೋ ವಾರ್ಷಿಕ ಸರ್ವೀಸ್ ಅದೊಂದೇ.

ಪ್ರಶ್ನೆ: ಕೆಲಸಕ್ಕೆ ಯಾಕೆ ಇಳಿಯಲಿಲ್ಲ?

ವೆಂಟಿಲೇಟರ್: ನನಗೆ ಆಕ್ಸಿಜನ್ ಬೇಕು, ಸುಮಾರು 4 ಬಾರ್ ಒತ್ತಡದಲ್ಲಿ, ಗೋಡೆಯ ಪೈಪಿನಿಂದ. ಆಗ ಇಲ್ಲಿ ಪೈಪ್‌ಲೈನ್ ಇರಲಿಲ್ಲ. ಯಂತ್ರದ ದುಡ್ಡು ಬೇರೆ, ಪೈಪಿನ ದುಡ್ಡು ಬೇರೆ. ಅದಕ್ಕೊಂದು ಎಸ್ಟಿಮೇಟು, ಅದಕ್ಕೊಂದು ಟೆಂಡರು. ಪೈಪ್ ಬರೋ ಹೊತ್ತಿಗೆ ನನ್ನನ್ನ ಓಡಿಸಬೇಕಾದ ಅರಿವಳಿಕೆ ಡಾಕ್ಟರು ಡೆಪ್ಯುಟೇಷನ್ ಮೇಲೆ ಜಿಲ್ಲಾಸ್ಪತ್ರೆಗೆ ಹೋದರು. ಅವರು ವಾಪಸ್ ಬಂದಾಗ ನನ್ನ ಆಕ್ಸಿಜನ್ ಸೆನ್ಸರ್ ಸತ್ತಿತ್ತು. ಆ ಸೆನ್ಸರ್ ಬಹಳ ಪಾಪದ್ದು ಸಾರ್. ಯಂತ್ರ ಓಡದಿದ್ದರೂ ಕೋಣೆಯ ಗಾಳಿಗೇ ಸವೆದು ಒಂದೆರಡು ವರ್ಷಕ್ಕೆ ಮುಗಿದುಹೋಗುತ್ತೆ. ಬ್ಯಾಟರಿಗೂ ಆಗಾಗ ಚಾರ್ಜ್ ಬೇಕು. ಇಲ್ಲಿರೋದು ಒಂದೇ ಪ್ಲಗ್ ಪಾಯಿಂಟು, ಅದರಲ್ಲಿ ಯಾರದೋ ಮೊಬೈಲ್ ನೇತಾಡ್ತಿರುತ್ತೆ.

(ಬಾಗಿಲ ಕಡೆಯಿಂದ ಕೆಮ್ಮು.)

ಪ್ರಶ್ನೆ: ಅಂದರೆ ನೀವು ಕೆಟ್ಟಿದ್ದೀರಿ.

ವೆಂಟಿಲೇಟರ್: ನಾಲಿಗೆ ಹಿಡಿತದಲ್ಲಿರಲಿ! ದಾಖಲೆ ನೋಡಿ ಮಾತಾಡಿ. 2015ರಲ್ಲಿ ಕೇಂದ್ರ ಸರ್ಕಾರ ಆಸ್ಪತ್ರೆ ಉಪಕರಣಗಳ ನಿರ್ವಹಣೆಗೆ ಅಂತಲೇ ಒಂದು ಕಾರ್ಯಕ್ರಮ ತಂತು. ಅದಕ್ಕಾಗಿ 29,115 ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ 7,56,750 ಯಂತ್ರಗಳನ್ನ ಎಣಿಸಿದರು. ಬೆಲೆ ಸುಮಾರು 4,564 ಕೋಟಿ. ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ಶೇ 13ರಿಂದ 34ರವರೆಗೆ ಕೆಟ್ಟು ಕೂತಿದ್ದವು. ಆಮೇಲೆ ನಿಯಮ ಮಾಡಿದರು: ಜಿಲ್ಲಾಸ್ಪತ್ರೆಯ ಯಂತ್ರ ಶೇ 95ರಷ್ಟು ಕಾಲ ಸುಸ್ಥಿತಿಯಲ್ಲಿರಬೇಕು, ಸಮುದಾಯ ಆರೋಗ್ಯ ಕೇಂದ್ರದ್ದು 90, ಪ್ರಾಥಮಿಕ ಕೇಂದ್ರದ್ದು 80. ರಿಪೇರಿ ತಡವಾದರೆ ಗುತ್ತಿಗೆ ಹಿಡಿದವರಿಗೆ ದಂಡ. ಈ ಲೆಕ್ಕದಲ್ಲಿ ನನ್ನ ಮೇಲೆ ಒಂದೇ ಒಂದು ದೂರಿಲ್ಲ. ದೂರಿಲ್ಲ ಅಂದ್ರೆ ಕೆಟ್ಟಿಲ್ಲ. ಕೆಟ್ಟಿಲ್ಲ ಅಂದ್ರೆ ಶೇ 100! ಜಿಲ್ಲಾಸ್ಪತ್ರೆ ಐಸಿಯುನಲ್ಲಿ ಹಗಲು ರಾತ್ರಿ ದುಡಿಯೋ ನಮ್ಮಣ್ಣ 95 ಮುಟ್ಟೋಕೆ ಒದ್ದಾಡ್ತಾನೆ. ಶಿಸ್ತು ಬೇಕು ಸಾರ್, ಶಿಸ್ತು.

(ನಿಯಮ ಒಳ್ಳೆಯದೇ. ಅದಕ್ಕಾಗಿ ನಡೆದ ಎಣಿಕೆಯಿಂದ ಕೆಟ್ಟದ್ದೆಷ್ಟು ಎಂಬ ಲೆಕ್ಕವೂ ಸಿಕ್ಕಿತು. ಆದರೆ ಯಂತ್ರ ಎಷ್ಟು ದಿನ ಕೆಟ್ಟಿತ್ತು ಎಂದು ಕೇಳುವ ಫಾರಂ, ಎಷ್ಟು ರೋಗಿಗಳಿಗೆ ಉಸಿರು ಕೊಟ್ಟಿತು ಎಂದು ಕೇಳದೇ ಹೋದರೆ ಇವರಂಥವರೇ ರ‍್ಯಾಂಕ್ ಬರುತ್ತಾರೆ.)

ಪ್ರಶ್ನೆ: ನಿಮ್ಮ ಹಿಂದೆ ಮುಖ ತಿರುಗಿಸಿ ಕೂತವರು ಯಾರು?

ವೆಂಟಿಲೇಟರ್: ರಕ್ತ ಪರೀಕ್ಷೆಯ ಅನಲೈಸರ್. ಎಲ್‌1 ಕುಲದವನು, ಅಂದ್ರೆ ಟೆಂಡರಲ್ಲಿ ಎಲ್ಲರಿಗಿಂತ ಕಡಿಮೆ ಬೆಲೆಗೆ ಬಂದವನು. ಬಹಳ ಅಗ್ಗ. ಆದರೆ ತನ್ನ ಕಂಪನಿಯ ರೀಏಜೆಂಟ್, ಅಂದ್ರೆ ಪರೀಕ್ಷೆಯ ರಾಸಾಯನಿಕ, ಬಿಟ್ಟು ಬೇರೇನೂ ಮುಟ್ಟಲ್ಲ. ಕೊಳ್ಳುವಾಗ ರೀಏಜೆಂಟಿನ ದರ ಬರೆಸಿಕೊಂಡಿರಲಿಲ್ಲ. ಈಗ ಅವನ ಊಟದ ಖರ್ಚು ಅವನ ಬೆಲೆಯನ್ನೇ ಮೀರುತ್ತೆ ಅಂತ ಮೂಲೆಗೆ ತಳ್ಳಿದ್ದಾರೆ.

ಪ್ರಶ್ನೆ: ಅಳೆದು ತೂಗಿ ಕೊಳ್ಳೋಕೆ ಸ್ಪೆಸಿಫಿಕೇಷನ್ ಅಂತ ಇರುತ್ತಲ್ಲ?

ವೆಂಟಿಲೇಟರ್: ಇರುತ್ತೆ. ಕೆಲವನ್ನ ಓದಬೇಕು ನೀವು. ವಧು ಬೇಕಾಗಿದ್ದಾಳೆ, ಎಡಗೆನ್ನೆಯಲ್ಲಿ ಮಚ್ಚೆಯಿರಬೇಕು, ತಂದೆ ಹೆಸರು ರಾಮಣ್ಣ ಆಗಿರಬೇಕು ಅಂತ ಜಾಹೀರಾತು ಕೊಟ್ಟ ಹಾಗಿರುತ್ತೆ. ಯಾವುದೋ ಒಂದೇ ಕಂಪನಿಯ ಬ್ರೋಷರ್ ನೋಡಿ ಇಳಿಸಿದ್ದು ಅಂತ ಪ್ರೀ-ಬಿಡ್ ಸಭೆಯಲ್ಲಿ ಕೂತ ಎಲ್ಲರಿಗೂ ಗೊತ್ತಾಗುತ್ತೆ. ಗಲಾಟೆ ಆದರೆ ಟೆಂಡರ್ ರದ್ದು, ಮತ್ತೆ ಮೊದಲಿಂದ. ಅಷ್ಟರಲ್ಲಿ ಮಾರ್ಚ್ ಬರುತ್ತೆ. ಮಾರ್ಚ್ ಬಂತು ಅಂದ್ರೆ ಮಚ್ಚೆ ಯಾವ ಕೆನ್ನೆಯಲ್ಲಿದ್ದರೂ ಆಯ್ತು, ದುಡ್ಡು ಲ್ಯಾಪ್ಸ್ ಆಗಬಾರದು.

ಪ್ರಶ್ನೆ: ನಿಮ್ಮನ್ನೆಲ್ಲ ಕೊಳ್ಳೋರು ಒಬ್ಬರೇ ಅಲ್ಲವೆ?

ವೆಂಟಿಲೇಟರ್: ಎಲ್ಲಿ ಬಂತು! ಕೆಲವರು ದಿಲ್ಲಿಯಿಂದ ಬರ್ತೀವಿ, ಕೆಲವರು ರಾಜ್ಯದ ವೈದ್ಯಕೀಯ ಸರಬರಾಜು ನಿಗಮದಿಂದ, ಕೆಲವರು ಶಾಸಕರ ನಿಧಿಯಲ್ಲಿ, ಇನ್ನು ಕೆಲವರು ಕಂಪನಿಗಳ ದಾನದಲ್ಲಿ. ಮೇಲಿನ ವಾರ್ಡಿಗೆ ಹೋಗಿ ನೋಡಿ. ನಾಲ್ಕು ಹಾಸಿಗೆಗೆ ನಾಲ್ಕು ಕಂಪನಿಯ ಮಾನಿಟರು. ಒಂದರ ಕೇಬಲ್ ಇನ್ನೊಂದಕ್ಕೆ ಕೂರಲ್ಲ. ಸಿಸ್ಟರ್ ಕೈಯಲ್ಲಿ ಬೆರಳಿಗೆ ಹಾಕೋ ಕ್ಲಿಪ್ಪುಗಳ ಗೊಂಚಲು ಹಿಡಿದು, ಇದು ಯಾವುದರದಮ್ಮ ಅಂತ ಪ್ರತಿ ಶಿಫ್ಟಲ್ಲೂ ಹುಡುಕ್ತಾರೆ.

ಪ್ರಶ್ನೆ: ಹೋಗಲಿ, ಒಂದು ಸೆನ್ಸರ್ ತರಿಸಿ ನಿಮ್ಮನ್ನ ಎಬ್ಬಿಸಬಹುದಲ್ಲ?

ವೆಂಟಿಲೇಟರ್: ಆಗುತ್ತೆ. ಆದರೆ ಸೆನ್ಸರ್ ಅನ್ನೋದು ಬಿಡಿಭಾಗ, ಅದಕ್ಕೆ ಅನುದಾನ ಮುಗಿದಿದೆ. ಹೊಸ ಯಂತ್ರಕ್ಕೆ ಬೇಕಾದರೆ ಅನುದಾನ ಇದೆ. ಅದಕ್ಕೇ ಹೋದ ವಾರ ಇನ್ನೆರಡು ವೆಂಟಿಲೇಟರಿಗೆ ಇಂಡೆಂಟ್ ಹೋಯ್ತು.

ಪ್ರಶ್ನೆ: ಅವು ಬಂದರೆ ಎಲ್ಲಿಡ್ತಾರೆ?

ವೆಂಟಿಲೇಟರ್: ಇಲ್ಲೇ. ಅನಲೈಸರ್‌ಗೆ ಸ್ವಲ್ಪ ಗೋಡೆ ಕಡೆ ಸರಿದುಕೋ ಅಂತ ಹೇಳಿದ್ದೀನಿ. ಒಪ್ತಿಲ್ಲ. ಸೀನಿಯಾರಿಟಿ ಕೇಳ್ತಿದ್ದಾನೆ.