ಕಳ್ಳನಿಲ್ಲದ ಕೂಗು

ಕಾರಿನ ಅಲಾರಂ ಕೂಗಿಕೊಳ್ಳಲು ಕಳ್ಳನೊಬ್ಬನನ್ನು ಬಿಟ್ಟು ಬಾಕಿ ಎಲ್ಲ ಕಾರಣಗಳೂ ಇವೆ. ಬಿ.ಎಚ್. ರಸ್ತೆಯಲ್ಲಿ ಲೋಡು ಲಾರಿ ಹಾದರೆ ಸಾಕು, ಬಾನೆಟ್ ಮೇಲೆ ಬೆಕ್ಕು ಹಾರಿದರೆ ಸಾಕು. ದೀಪಾವಳಿಯಲ್ಲಿ ಆಟಂ ಬಾಂಬ್ ಸಿಡಿದರಂತೂ ತುಮಕೂರಿನ ಎಸ್.ಎಸ್. ಪುರಂನ ಒಂದಿಡೀ ಬೀದಿಯ ಕಾರುಗಳು ಒಂದರ ಹಿಂದೊಂದು ಬೊಬ್ಬೆ ಹಾಕುತ್ತವೆ. ಅಂಗಡಿಯಲ್ಲಿ ಹಾಕಿಸಿದ ಅಲಾರಂಗಳ ಸೈರನ್ ಸಾಮಾನ್ಯವಾಗಿ ಆರು ರಾಗದ್ದು. ಆರೂ ರಾಗ ಬೀದಿಯ ಮಕ್ಕಳಿಗೆ ಬಾಯಿಪಾಠ. ಡಬ್ಬದ ಮೇಲೆ 120 ಡೆಸಿಬಲ್ ಎಂದು ಹೆಮ್ಮೆಯಿಂದ ಅಚ್ಚು ಹಾಕಿರುತ್ತಾರೆ. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನ ವಾಸಿಸುವ ಬಡಾವಣೆಗೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಮಿತಿ 45 ಡೆಸಿಬಲ್. ಇಷ್ಟು ಕೂಗಿದರೂ ಕಳ್ಳನನ್ನು ಹಿಡಿಯಲು ಯಾರೂ ಓಡಿಬರುವುದಿಲ್ಲ. ಕಿಟಕಿ ತೆಗೆದು "ಯಾರ್ದ್ರೀ ಅದು ಕಾರು?" ಎನ್ನುವವರೇ ಎಲ್ಲ. ಪಕ್ಕದ ಗುಬ್ಬಿ ಊರಿಗೆ ಗದ್ದಲ ಹೊಸದಲ್ಲ. ಗುಬ್ಬಿ ವೀರಣ್ಣನವರ (1891–1972) ನಾಟಕ ಕಂಪನಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆದರೆ ಅಲ್ಲಿ ಯುದ್ಧ ಶುರುವಾಗಲು ಒಂದು ಕಾರಣವಾದರೂ ಇರುತ್ತಿತ್ತು.

ಅಲಾರಂ ಸುಮ್ಮಸುಮ್ಮನೆ ಕೂಗಿದರೆ ಜನ ಮೊದಲು ಅಲಾರಂ ಅನ್ನೇ ಬೈಯುತ್ತಾರೆ. ಮೊದಲು ನೋಡಬೇಕಾದದ್ದು ಬ್ಯಾಟರಿಯನ್ನು. ಬಾಗಿಲು ತೆರೆದರೆ ಒಳಗಿನ ದೀಪ ಹತ್ತುತ್ತದೆ, ದೀಪ ಹತ್ತಿದರೆ ವೋಲ್ಟೇಜ್ ಒಂದಿಷ್ಟು ಕುಸಿಯುತ್ತದೆ. ಕೆಲವು ಅಲಾರಂಗಳು ಈ ಕುಸಿತವನ್ನೇ ಕಳ್ಳ ಬಂದ ಗುರುತು ಎಂದು ಹಿಡಿಯುತ್ತವೆ. ಬ್ಯಾಟರಿಗೆ ವಯಸ್ಸಾಗಿದ್ದರೆ ಡಿಸೆಂಬರಿನ ಬೆಳಗಿನ ಜಾವದ ಚಳಿಗೆ ವೋಲ್ಟೇಜ್ ತಾನಾಗಿಯೇ ಇಳಿಯುತ್ತದೆ; ಅಲಾರಂ ಎಚ್ಚೆತ್ತು ಕೂಗುತ್ತದೆ. ಕೂಗಲು ಕರೆಂಟ್ ಬೇಕು, ಅದು ಬರುವುದೂ ಅದೇ ಬ್ಯಾಟರಿಯಿಂದ. ಹೀಗೆ ನಾಲ್ಕು ಸಲ ಕೂಗಿದರೆ ಬೆಳಿಗ್ಗೆ ಸೆಲ್ಫ್ ಹೊಡೆದಾಗ 'ಟಿಕ್ ಟಿಕ್' ಎನ್ನುವುದೊಂದೇ ಉಳಿದಿರುತ್ತದೆ. ಆಮೇಲೆ ತಳ್ಳಲು ಬರುವವರು, ರಾತ್ರಿ ನಿದ್ದೆ ಕೆಟ್ಟ ಅದೇ ನೆರೆಹೊರೆಯವರು.

ಬ್ಯಾಟರಿಯ ಆರೋಗ್ಯ ತಿಳಿಯಲು ಒಂದು ಮಲ್ಟಿಮೀಟರ್ ಸಾಕು. ಕಾರು ಕೆಲವು ಗಂಟೆ ನಿಂತ ಮೇಲೆ ಅಳೆದಾಗ 12.6 ವೋಲ್ಟ್ ಇದ್ದರೆ ಚಾರ್ಜ್ ಪೂರ್ತಿ ಇದೆ, 12.2ಕ್ಕೆ ಅರ್ಧಕ್ಕಿಳಿದಿದೆ, 12ಕ್ಕಿಂತ ಕೆಳಗೆ ಬಂದರೆ ಬರಿದಾಗಿದೆ ಎಂದು ಲೆಕ್ಕ. ಎಂಜಿನ್ ಓಡುವಾಗ 14 ವೋಲ್ಟಿನ ಆಸುಪಾಸು ತೋರಿಸಬೇಕು. ತೋರಿಸದಿದ್ದರೆ ದೋಷ ಆಲ್ಟರ್ನೇಟರಿನದು, ಹಳೆಯ ಮೆಕ್ಯಾನಿಕ್ಕುಗಳು ಇವತ್ತಿಗೂ ಡೈನಮೊ ಎನ್ನುವ ಸಾಮಾನಿನದು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ದರೆ ಬಿಸಿನೀರು ಹಾಕಿ ತಿಕ್ಕಿ ಬಿಗಿ ಮಾಡಿದರೇ ಅರ್ಧ ಕಾಯಿಲೆ ವಾಸಿ. ಇದಾವುದನ್ನೂ ನೋಡದೆ "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಸ್ಬಿಡಿ" ಎನ್ನುವವರಿದ್ದಾರೆ. ಹೊಸ ಬ್ಯಾಟರಿಯೂ ಹದಿನೈದು ದಿನಕ್ಕೆ ಮಲಗಿದಾಗಲೇ, ಕುಡಿಯುವವರು ಬೇರೆಲ್ಲೋ ಇದ್ದಾರೆ ಎನ್ನುವುದು ಮಾಲೀಕರಿಗೆ ಹೊಳೆಯುವುದು.

ಕುಣಿಗಲ್ಲಿನ ಕುದುರೆ ಫಾರಂ ನೋಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ: ನಿಂತ ಕುದುರೆಗೂ ಹುರುಳಿ ಬೇಕು. ನಿಂತ ಕಾರಿನಲ್ಲೂ ಗಡಿಯಾರ, ಸ್ಟೀರಿಯೊದ ನೆನಪು, ಸೆಂಟ್ರಲ್ ಲಾಕ್, ಅಲಾರಂ ಎಲ್ಲವೂ ಚೂರುಚೂರು ಕರೆಂಟ್ ಎಳೆಯುತ್ತಲೇ ಇರುತ್ತವೆ. ಒಟ್ಟು 50 ಮಿಲಿಆಂಪ್‌ವರೆಗೆ ಇದ್ದರೆ ಚಿಂತೆಯಿಲ್ಲ. ಆದರೂ 50 ಮಿಲಿಆಂಪ್ ಎಂದರೆ ದಿನಕ್ಕೆ 1.2 ಆಂಪ್-ಅವರ್, ಸಣ್ಣ ಕಾರಿನ 35 ಆಂಪ್-ಅವರ್ ಬ್ಯಾಟರಿಯಲ್ಲಿ ಹತ್ತು ದಿನಕ್ಕೆ ಮೂರನೇ ಒಂದು ಪಾಲು ಖಾಲಿ. ಮಕ್ಕಳು ಬೆಂಗಳೂರಿನಲ್ಲಿದ್ದು, ಜಾತ್ರೆಗೆ ಮದುವೆಗೆ ಮಾತ್ರ ಹೊರಡುವ ಗುಬ್ಬಿಯ ಕಾರುಗಳು ಮುಹೂರ್ತದ ಹೊತ್ತಿಗೇ ಕೈಕೊಡುವುದರ ಗುಟ್ಟು ಇಷ್ಟೇ. ಡಿಕ್ಕಿಯ ದೀಪ ಆರದೆ ಉಳಿದರೆ ಕಥೆಯೇ ಬೇರೆ. 5 ವಾಟಿನ ಆ ಪುಟ್ಟ ಬಲ್ಬು ದಿನಕ್ಕೆ 10 ಆಂಪ್-ಅವರ್ ಕುಡಿದು ಮೂರ್ನಾಲ್ಕು ದಿನದಲ್ಲಿ ಬ್ಯಾಟರಿಯನ್ನು ಒಣಗಿಸುತ್ತದೆ. ಅದು ಉರಿಯುವುದು ಮುಚ್ಚಿದ ಡಿಕ್ಕಿಯೊಳಗೆ, ಯಾರ ಕಣ್ಣಿಗೂ ಬೀಳದೆ. ಮೊಬೈಲನ್ನು ವಿಡಿಯೊ ರೆಕಾರ್ಡಿಂಗಿಗೆ ಹಾಕಿ ಒಳಗಿಟ್ಟು ಡಿಕ್ಕಿ ಮುಚ್ಚಿ ತೆಗೆದರೆ ಅದರ ನಾಟಕ ಬಯಲಾಗುತ್ತದೆ.

ಉಳಿದ ಸೋರಿಕೆ ಹಿಡಿಯಲು ತಾಳ್ಮೆ ಬೇಕು. ಎಲ್ಲ ಆಫ್ ಮಾಡಿ, ಕೀಲಿಯನ್ನು ಮನೆಯೊಳಗಿಟ್ಟು, ಹತ್ತನೇ ನಂಬರ್ ಸ್ಪ್ಯಾನರಿನಿಂದ ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಬೇಕು. ಮಲ್ಟಿಮೀಟರನ್ನು 10 ಆಂಪ್ ಸ್ಥಾನಕ್ಕೆ ತಿರುಗಿಸಿ ವೈರಿಗೂ ಟರ್ಮಿನಲ್ಲಿಗೂ ನಡುವೆ ಸೇರಿಸಬೇಕು. ಆಗ ಅಪ್ಪಿತಪ್ಪಿ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹಾರಿಹೋಗುತ್ತದೆ. ಫ್ಯೂಸ್ ಪೆಟ್ಟಿಗೆ ಸ್ಟೀರಿಂಗ್ ಕೆಳಗಿದ್ದರೆ ಬಾಗಿಲು ತೆರೆದೇ ಇರಬೇಕು, ಆದರೆ ಮುಚ್ಚಿದೆ ಎಂದು ಕಾರು ನಂಬಬೇಕು: ಬಾಗಿಲಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಲಾಕಿನ ಸ್ಥಿತಿಗೆ ತಂದರೆ ನಂಬುತ್ತದೆ. ಕೆಲಸ ಮುಗಿದ ಮೇಲೆ ಹಿಡಿ ಎಳೆದು ಆ ಕೊಂಡಿಯನ್ನು ಬಿಡಿಸದೆ ಬಾಗಿಲು ಬಡಿದವರಿಗೆ ಇನ್ನೊಂದು ರಿಪೇರಿ ಕಾದಿರುತ್ತದೆ. ಈಗಿನ ಕಾರುಗಳ ಕಂಪ್ಯೂಟರುಗಳು ಕೂಡಲೇ ಮಲಗುವುದಿಲ್ಲ. ಅರ್ಧ ಗಂಟೆ ಕಾಯಬೇಕು. ಒಂದು ಕಾಫಿ ಮುಗಿಸಿ ಬರುವುದು ಉತ್ತಮ, ಕಾಯಲಾರದವರು ನೂರೆಂಟು ಸಾಮಾನು ಬದಲಾಯಿಸುತ್ತಾರೆ. ಆಮೇಲೂ 300 ಮಿಲಿಆಂಪ್ ತೋರಿಸುತ್ತಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋಗಬೇಕು. ಯಾವುದನ್ನು ಕಿತ್ತಾಗ ಅಂಕಿ ಧೊಪ್ಪೆಂದು ಇಳಿಯಿತೋ ಆ ಲೈನಿನಲ್ಲೇ ಕುಡುಕ. ಹೆಚ್ಚಿನ ಸಲ ಸಿಕ್ಕಿಬೀಳುವುದು ಆಮೇಲೆ ಹಾಕಿಸಿದ ಸ್ಟೀರಿಯೊ, ಡ್ಯಾಶ್‌ಕ್ಯಾಮ್ ಅಥವಾ ಟ್ರ್ಯಾಕರ್. ಕೆಲವೊಮ್ಮೆ ಇಲಿ ಕಡಿದು ಕಾರಿನ ಮೈಗೆ ತಾಗಿದ ವೈರು. ಎಲ್ಲ ಫ್ಯೂಸು ಕಿತ್ತರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ ಮೇಲೆ ಅನುಮಾನ.

ಬ್ಯಾಟರಿ ಗಟ್ಟಿಯಿದೆ, ಸೋರಿಕೆಯೂ ಇಲ್ಲ, ಆದರೂ ಕೂಗು ನಿಂತಿಲ್ಲವೆಂದರೆ ಮಾತ್ರ ಅಲಾರಂ ವಿಚಾರಣೆ. ಮೊದಲ ಆರೋಪಿ ಬಾನೆಟ್ ಸ್ವಿಚ್. ಮಳೆನೀರು ಕುಡಿದು ತುಕ್ಕು ಹಿಡಿದ ಈ ಸಣ್ಣ ಗೂಟ ಮುಚ್ಚಿದ ಬಾನೆಟ್ ತೆರೆದಿದೆ ಎಂದು ಸುಳ್ಳು ಸಾಕ್ಷಿ ಹೇಳುತ್ತದೆ. ಎರಡನೆಯದು ಶಾಕ್ ಸೆನ್ಸರ್: ಅದರ ಮೇಲಿನ ಪುಟ್ಟ ಸ್ಕ್ರೂವನ್ನು ಕಡಿಮೆ ಕಡೆಗೆ ಕೊಂಚ ತಿರುಗಿಸಿ, ಬಾನೆಟ್ ಮೇಲೆ ಅಂಗೈಯಲ್ಲಿ ತಟ್ಟಿ ನೋಡಬೇಕು. ಲಾರಿ ಹೋದರೆ ಸುಮ್ಮನಿದ್ದು ಗಾಜು ಬಡಿದರೆ ಕೂಗುವಷ್ಟಿದ್ದರೆ ಸಾಕು. ಅನುಮಾನ ಉಳಿದರೆ ಸೆನ್ಸರಿನ ಸಾಕೆಟ್ ಕಿತ್ತಿಟ್ಟು ಒಂದು ರಾತ್ರಿ ಬಿಟ್ಟರೆ ತೀರ್ಪು ಬಂದುಬಿಡುತ್ತದೆ. ಕೆಲವು ಸೈರನ್‌ಗಳ ಹೊಟ್ಟೆಯಲ್ಲಿ ಅವುಗಳದೇ ಪುಟ್ಟ ಬ್ಯಾಟರಿ ಇರುತ್ತದೆ. ಕಾರಿನ ವೈರು ಬಿಚ್ಚಿದ ಕೂಡಲೇ ಅವು ಇನ್ನೂ ಜೋರಾಗಿ ಅರಚುತ್ತವೆ. ಕಳ್ಳ ವೈರು ಕತ್ತರಿಸಿದರೆ ಎಂಬ ಮುಂದಾಲೋಚನೆ. ಅವಕ್ಕೆ ಬೇರೆ ಸಣ್ಣ ಕೀಲಿಯುಂಟು, ಕಾರು ಕೊಂಡ ದಿನವೇ ಕಳೆದುಹೋಗಿರುವ ಕೀಲಿ.

ರಿಪೇರಿ ಸರಿಯಾಯಿತೇ ಎಂದು ತಿಳಿಯಲು ಬ್ಯಾಟರಿಯನ್ನು ಚಾರ್ಜರಿಗೆ ಹಾಕಿ ಪೂರ್ತಿ ತುಂಬಿಸಬೇಕು. ಎಸ್.ಎಸ್. ಪುರಂನಿಂದ ಅಶೋಕ ರಸ್ತೆಗೆ ಹೋಗಿಬಂದರೆ ತುಂಬುವುದಿಲ್ಲ, ಕುಣಿಗಲ್‌ವರೆಗೆ ಹೋಗಿಬಂದರೂ ಬರಿದಾದ ಬ್ಯಾಟರಿ ಪೂರ್ತಿ ತುಂಬುವ ಭರವಸೆಯಿಲ್ಲ. ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ವೋಲ್ಟೇಜ್ ಅಳೆದು 12.6 ಇದ್ದದ್ದು 12.5ಕ್ಕಿಂತ ಕೆಳಗಿಳಿಯದಿದ್ದರೆ ಕೆಲಸ ಮುಗಿಯಿತು. 12.2ಕ್ಕೆ ಬಂದಿದ್ದರೆ ಮತ್ತೆ ಫ್ಯೂಸ್ ಪೆಟ್ಟಿಗೆ, ಮತ್ತೊಂದು ಕಾಫಿ.